ಕೊನೆಯಿಂದ ಮೊದಲಿನ ಕಡೆಗೆ: ಕಿಡ್ನಿ ಚಿಕಿತ್ಸೆ ನಡೆದು ಬಂದ ದಾರಿ

1960ರ ಮಾರ್ಚ್ 9. ಅಮೆರಿಕದ ಸಿಯಾಟಲ್ ನಗರದಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಕ್ಲೈಡ್ ಶೀಲ್ಡ್ಸ್ ಎಂಬ 39 ವರ್ಷದ ಕಾರ್ಮಿಕನ ಮುಂಗೈಗೆ ಎರಡು ಸಣ್ಣ ಕೊಳವೆ ಕೂರಿಸಿದರು. ಒಂದು ಅಪಧಮನಿಯೊಳಕ್ಕೆ, ಇನ್ನೊಂದು ಅಭಿಧಮನಿಯೊಳಕ್ಕೆ. ಎರಡರ ತುದಿಯೂ ಚರ್ಮದಿಂದ ಹೊರಗೆ ಇಣುಕುತ್ತಿದ್ದವು, ಕೊಕ್ಕೆಯ ಹಾಗೆ ಬಾಗಿದ ಇನ್ನೊಂದು ತುಂಡು ಅವೆರಡನ್ನೂ ಸೇರಿಸುತ್ತಿತ್ತು. ರಕ್ತ ಕೈಯಿಂದ ಹೊರಬಂದು, ಆ ಬಾಗಿದ ತುಂಡಿನಲ್ಲಿ ಹರಿದು, ಮತ್ತೆ ಕೈಯೊಳಗೇ ಹೋಗುತ್ತಿತ್ತು. ಡಯಾಲಿಸಿಸ್ ಬೇಕಾದಾಗ ಆ ತುಂಡನ್ನು ಬಿಚ್ಚಿ ಯಂತ್ರಕ್ಕೆ ಜೋಡಿಸುವುದು, ಮುಗಿದ ಮೇಲೆ ಮತ್ತೆ ಸಿಕ್ಕಿಸಿ ಬಟ್ಟೆ ಸುತ್ತಿ ಮನೆಗೆ ಕಳಿಸುವುದು. ಕೊಳವೆ ಮಾಡಿದ್ದು ಟೆಫ್ಲಾನಿನಿಂದ. ನಮ್ಮ ಅಡುಗೆಮನೆಯಲ್ಲಿ ದೋಸೆ ಅಂಟದ ಕಾವಲಿಗೆ ಬಳಿದಿರುವುದೂ ಅದೇ ವಸ್ತು. ದೋಸೆ ಅಂಟದ ಹಾಗೆ ರಕ್ತವೂ ಅದಕ್ಕೆ ಸುಲಭವಾಗಿ ಅಂಟುವುದಿಲ್ಲ, ಹೆಪ್ಪುಗಟ್ಟುವುದಿಲ್ಲ.

ಶೀಲ್ಡ್ಸ್ ಸಾಯುವ ಹಂತದಲ್ಲಿ ಬಂದಿದ್ದರು. ಆ ಕೊಳವೆಯ ಕೃಪೆಯಿಂದ ಇನ್ನೂ 11 ವರ್ಷ ಬದುಕಿದರು. ಕೊನೆಗೆ ತೀರಿಕೊಂಡದ್ದು ಹೃದಯಾಘಾತದಿಂದ.

ಇದರ ಹಿಂದಿದ್ದವರು ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು. ಅದಕ್ಕೆ ಸ್ವಲ್ಪ ಮುಂಚೆ ಅವರ ಬಳಿಗೆ ಒಬ್ಬ ರೋಗಿ ಬಂದಿದ್ದ. ಡಯಾಲಿಸಿಸ್ ಕೊಟ್ಟ ಕೂಡಲೇ ಚೇತರಿಸಿಕೊಂಡು, ಎದ್ದು ಕೂತು ಮಾತಾಡಿದ್ದ. ಆಮೇಲೆ ಪರೀಕ್ಷೆಯಲ್ಲಿ ತಿಳಿಯಿತು, ಅವನ ಕಿಡ್ನಿ ಇನ್ನೆಂದೂ ಕೆಲಸ ಮಾಡುವ ಹಾಗಿಲ್ಲ. ಪ್ರತಿ ಡಯಾಲಿಸಿಸ್‌ಗೂ ಹೊಸದಾಗಿ ರಕ್ತನಾಳ ಕೊಯ್ಯಬೇಕಾಗಿದ್ದ ಕಾಲ ಅದು. ಕೆಲವೇ ಸಲಕ್ಕೆ ನಾಳಗಳು ಮುಗಿದುಹೋಗುತ್ತಿದ್ದವು. ಮನೆಗೆ ಕರೆದುಕೊಂಡು ಹೋಗಿ ಎಂದು ಮನೆಯವರಿಗೆ ಹೇಳಬೇಕಾಯಿತು. ಆ ನೋವು ಸ್ಕ್ರಿಬ್ನರ್ ಅವರನ್ನು ಬಿಡಲಿಲ್ಲ. ಒಂದು ರಾತ್ರಿ ನಿದ್ದೆಯಿಂದ ಎದ್ದಾಗ ಉಪಾಯ ಹೊಳೆಯಿತು: ನಾಳವನ್ನು ಪ್ರತಿ ಸಲ ಕೊಯ್ಯುವ ಬದಲು ಕೊಳವೆಯನ್ನು ಅಲ್ಲೇ ಬಿಟ್ಟರೆ?

ಯಂತ್ರ ಅದಕ್ಕಿಂತ ಮೊದಲೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ, ಜರ್ಮನರ ವಶದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪನ್ ಎಂಬ ಸಣ್ಣ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯ ಅದನ್ನು ಕಟ್ಟಿದ್ದರು. ಮಾಂಸದ ಸಾಸೇಜ್ ತುಂಬಲು ಬಳಸುವ ಸೆಲ್ಲೋಫೇನ್ ಕೊಳವೆಯನ್ನು ಒಂದು ಪೀಪಾಯಿಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ಅರ್ಧ ಮುಳುಗಿಸಿ ತಿರುಗಿಸುವುದು. ಕೊಳವೆಯೊಳಗೆ ರಕ್ತ, ಹೊರಗೆ ನೀರು. ರಕ್ತದಲ್ಲಿದ್ದ ಯೂರಿಯಾ ಸೆಲ್ಲೋಫೇನಿನ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ನೀರಿಗೆ ಜಾರಿಹೋಗುತ್ತಿತ್ತು. 1943ರಿಂದ ಕೋಲ್ಫ್ ಪ್ರಯೋಗಿಸಿದ ಮೊದಲ 16 ಮಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. 17ನೆಯವರು, 1945ರ ಸೆಪ್ಟೆಂಬರಿನಲ್ಲಿ ಬಂದ 67 ವರ್ಷದ ಹೆಂಗಸು, ಬದುಕಿದರು. ಆಕೆ ನಾಜಿಗಳ ಜೊತೆ ಕೈಜೋಡಿಸಿದ್ದಕ್ಕೆ ಸೆರೆಯಲ್ಲಿದ್ದವರು. ಊರಿನ ಜನಕ್ಕೆ ಆಕೆಯ ಮೇಲೆ ಕಡುಕೋಪವಿತ್ತು. ಕೋಲ್ಫ್ ಅದನ್ನು ಲೆಕ್ಕಿಸದೆ ಚಿಕಿತ್ಸೆ ಕೊಟ್ಟರು.

ಈ ಹೆಂಗಸಿನ ಕತೆಯನ್ನು ನೆನಪಿಟ್ಟುಕೊಳ್ಳಬೇಕು. ಕೆಲವು ವರ್ಷಗಳ ನಂತರ ಸಿಯಾಟಲ್‌ನಲ್ಲಿ ಎದ್ದ, ಬದುಕುವ ಅವಕಾಶ ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ಕೋಲ್ಫ್ ಮೊದಲೇ ಉತ್ತರ ಕೊಟ್ಟಂತಿತ್ತು, ಆದರೆ ಆ ಉತ್ತರ ಯಾರಿಗೂ ನೆನಪಿರಲಿಲ್ಲ.

ಕೋಲ್ಫ್ ಅವರ ಯಂತ್ರ ಕೆಲಸಕ್ಕೆ ಬಂದದ್ದು ಕಿಡ್ನಿ ತಾತ್ಕಾಲಿಕವಾಗಿ ನಿಂತವರಿಗೆ. ಸ್ಕ್ರಿಬ್ನರ್ ಅವರ ಕೊಳವೆ ಬಂದ ಮೇಲೆ ಕಿಡ್ನಿ ಶಾಶ್ವತವಾಗಿ ಹೋದವರೂ ಬದುಕಬಹುದು ಎಂದಾಯಿತು. ಆ ಕ್ಷಣಕ್ಕೇ ಹೊಸ ಸಂಕಟವೂ ಹುಟ್ಟಿತು. ಬದುಕಬಹುದಾದವರು ಸಾವಿರಾರು ಜನ, ಯಂತ್ರಗಳು ಬೆರಳೆಣಿಕೆ. 1962ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಜಗತ್ತಿನ ಮೊದಲ ಹೊರರೋಗಿ ಡಯಾಲಿಸಿಸ್ ಕೇಂದ್ರ ತೆರೆಯಿತು. ಯಾರನ್ನು ಸೇರಿಸಿಕೊಳ್ಳಬೇಕು? ವೈದ್ಯರು ಮೊದಲು ಆರೋಗ್ಯದ ಲೆಕ್ಕ ನೋಡಿ ಒಂದು ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿ ಏಳು ಜನರ ಸಮಿತಿಯ ಮುಂದೆ ಹೋಗುತ್ತಿತ್ತು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರಚಿಕಿತ್ಸಕ. ಹೆಸರು ಗುಟ್ಟು, ಸಂಬಳವಿಲ್ಲ.

ವಯಸ್ಸು 45 ದಾಟಿರಬಾರದು, ಮಕ್ಕಳಿಗೆ ಅವಕಾಶವಿಲ್ಲ, ವಾಷಿಂಗ್ಟನ್ ರಾಜ್ಯದವರೇ ಆಗಿರಬೇಕು. ಇವು ಹೊರಗಿನ ಬೇಲಿ. ಒಳಗೆ ಕೂತು ಅವರು ತೂಗುತ್ತಿದ್ದದ್ದು ಬೇರೆಯದನ್ನು: ಮದುವೆಯಾಗಿದೆಯೇ, ನಂಬಿಕೊಂಡವರು ಎಷ್ಟು ಮಂದಿ, ಆದಾಯವೇನು, ಓದು ಎಷ್ಟು, ಕೆಲಸ ಯಾವುದು, ಚರ್ಚಿಗೆ ಹೋಗುತ್ತಾನೆಯೇ, ಮುಂದೆ ಸಮಾಜಕ್ಕೆ ಉಪಯೋಗಕ್ಕೆ ಬರುತ್ತಾನೆಯೇ. ಆ ವರ್ಷದ ನವೆಂಬರಿನಲ್ಲಿ ‘ಲೈಫ್’ ಪತ್ರಿಕೆಯ ವರದಿಗಾರ್ತಿ ಶಾನಾ ಅಲೆಗ್ಸಾಂಡರ್ ಈ ಸಮಿತಿಯ ಬಗ್ಗೆ ಬರೆದಾಗ ದೇಶ ಬೆಚ್ಚಿತು. ಅಮೆರಿಕದ ವೈದ್ಯಕೀಯ ನೀತಿಶಾಸ್ತ್ರ ಒಂದು ಶಿಸ್ತಾಗಿ ಬೆಳೆಯಲು ಆ ಬರಹವೇ ಬೀಜ ಎಂದು ಹೇಳುವವರಿದ್ದಾರೆ. ಏಳು ಜನ ದುಷ್ಟರಾಗಿರಲಿಲ್ಲ. ತಮ್ಮ ನೆರೆಯವರ ಹಾಗಿದ್ದವರಿಗೆ, ತಮ್ಮ ಹಾಗೇ ಬಾಳಿದವರಿಗೆ, ಅರಿವಿಲ್ಲದೆಯೇ ಹೆಚ್ಚು ಅಂಕ ಕೊಟ್ಟರು. ಒಂಟಿಯಾಗಿದ್ದವರು, ಜಗಳಗಂಟರು, ಕವಿಗಳು, ಅಲೆಮಾರಿಗಳು ಆ ತಕ್ಕಡಿಯಲ್ಲಿ ತೂಗಲಿಲ್ಲ.

ವಯಸ್ಸು ಸಾಲದೆಂದು ತಿರಸ್ಕೃತಳಾದ ಒಬ್ಬ ಹೈಸ್ಕೂಲು ಹುಡುಗಿಯ ಪ್ರಸಂಗ ಇಲ್ಲಿ ಬರುತ್ತದೆ. ಅವಳ ತಂದೆಗೆ ಪರಿಚಯವಿದ್ದ ವಿಶ್ವವಿದ್ಯಾಲಯದ ಎಂಜಿನಿಯರ್ ಲೆಸ್ ಬ್ಯಾಬ್ 1964ರಲ್ಲಿ ತಮ್ಮ ತಂಡದೊಂದಿಗೆ ಹಗಲಿರುಳು ಕೂತು, ಕೆಲವೇ ತಿಂಗಳಲ್ಲಿ ಮನೆಯಲ್ಲೇ ಇಡಬಹುದಾದ ಯಂತ್ರ ಮಾಡಿಕೊಟ್ಟರು. ಇಂದಿನ ಡಯಾಲಿಸಿಸ್ ಯಂತ್ರಗಳೆಲ್ಲ ಅದರ ಮೊಮ್ಮಕ್ಕಳು. 1965ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಬ್ರೆಸಿಯಾ, ಚಿಮಿನೊ ಮತ್ತವರ ಜೊತೆಗಾರರು ಕೊಳವೆಯ ಹಂಗನ್ನೂ ಬಿಟ್ಟರು. ಮುಂಗೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ನೇರ ಹೊಲಿದು ಸೇರಿಸಿದರು. ಅದೇ ಫಿಸ್ಟುಲಾ. ಡಯಾಲಿಸಿಸ್ ಮಾಡಿಸಿಕೊಳ್ಳುವ ಯಾರಾದರೂ ಆಪ್ತರಿದ್ದರೆ ಅವರ ಕೈಯ ಉಬ್ಬಿದ ನರದ ಮೇಲೆ ಮೆಲ್ಲಗೆ ಬೆರಳಿಟ್ಟು ನೋಡಿ. ನಿದ್ದೆಹೋದ ಬೆಕ್ಕಿನ ಬೆನ್ನ ಮೇಲೆ ಕೈಯಿಟ್ಟ ಹಾಗೆ ಗುರುಗುರು ಅದುರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಆ ಅದುರು ಇದೆಯೇ ಎಂದು ಮುಟ್ಟಿ ನೋಡಿಕೊಂಡೇ ಅವರ ದಿನ ಶುರುವಾಗುತ್ತದೆ.

ಏಳು ಜನರ ತಕ್ಕಡಿಯನ್ನು ಕೆಳಗಿಳಿಸಿದ್ದು ಕಾನೂನು. 1971ರ ನವೆಂಬರ್ 4ರಂದು ಅಮೆರಿಕ ಸಂಸತ್ತಿನ ಸಮಿತಿಯೊಂದರ ಎದುರು ಶೆಪ್ ಗ್ಲೇಜರ್ ಎಂಬ ರೋಗಿ ಯಂತ್ರವನ್ನು ಕೈಗೆ ಜೋಡಿಸಿಕೊಂಡೇ ಸಾಕ್ಷಿ ಹೇಳಿದ. ಸದಸ್ಯರ ಕಣ್ಣೆದುರೇ ರಕ್ತ ಕೊಳವೆಯಲ್ಲಿ ಓಡಿತು. ಮರುವರ್ಷ ಸೆನೆಟ್ಟಿನಲ್ಲಿ ಸುಮಾರು ಅರ್ಧ ಗಂಟೆಯ ಚರ್ಚೆಯಲ್ಲೇ ತಿದ್ದುಪಡಿ ಪಾಸಾಯಿತು. ಅಕ್ಟೋಬರ್ 30ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. 1973ರ ಜುಲೈಯಿಂದ, ಕಿಡ್ನಿ ಪೂರ್ತಿ ಹೋದ ಬಹುತೇಕ ಎಲ್ಲ ಅಮೆರಿಕನ್ನರ ಡಯಾಲಿಸಿಸ್ ಮತ್ತು ಕಸಿಯ ಬಹುಪಾಲು ಖರ್ಚು ಸರ್ಕಾರದ್ದು. ಗ್ಲೇಜರ್ ಪ್ರದರ್ಶನವೇ ಕಾನೂನಿಗೆ ಕಾರಣ ಎಂಬುದು ಜನಪ್ರಿಯ ಕತೆ. ಈ ಇತಿಹಾಸವನ್ನು ಕೆದಕಿದ ರಿಚರ್ಡ್ ರೆಟ್ಟಿಗ್ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಕಾರ್ಲ್ ಗಾಟ್‌ಷಾಕ್ ಸಮಿತಿ 1967ರಲ್ಲೇ ಇಂಥ ನೆರವನ್ನು ಶಿಫಾರಸು ಮಾಡಿತ್ತು, ತೆರೆಮರೆಯಲ್ಲಿ ವರ್ಷಗಟ್ಟಲೆ ಕೆಲಸ ನಡೆದಿತ್ತು. ನನಗೆ ರೆಟ್ಟಿಗ್ ಮಾತು ಸರಿಯೆನಿಸುತ್ತದೆ. ಆದರೂ ಸಂಸತ್ತಿನ ನೆನಪಿನಲ್ಲಿ ವರದಿ ಉಳಿಯಲಿಲ್ಲ, ಗ್ಲೇಜರನ ರಕ್ತ ಉಳಿಯಿತು.

ಆಗ ಫಲಾನುಭವಿಗಳು ಸುಮಾರು 10,000 ಮಂದಿ. ಇಂದು ಆ ದೇಶದಲ್ಲಿ ಡಯಾಲಿಸಿಸ್ ಮೇಲಿರುವವರೇ 5 ಲಕ್ಷ ದಾಟಿದ್ದಾರೆ. ಸಾಯುವವರನ್ನು ಬದುಕಿಸುವ ವಿದ್ಯೆ ಕೈಗೆ ಬಂತು. ಅವರು ಆ ಹಂತಕ್ಕೆ ಬರದಂತೆ ತಡೆಯುವ ವಿದ್ಯೆ ಇರಲಿಲ್ಲ. ಬೇರೆ ಕಾಯಿಲೆಗಳಲ್ಲಿ ವೈದ್ಯರು ಮೊದಲಿನಿಂದ ಕೊನೆಗೆ ಓದುತ್ತಾರೆ. ಕಿಡ್ನಿಯ ಪುಸ್ತಕವನ್ನು ಅವರು ಕೊನೆಯ ಪುಟದಿಂದ ತೆರೆದಿದ್ದರು.

ಮಧ್ಯದ ಪುಟಗಳನ್ನು ಓದಿಸಿದ್ದು ಒಂದು ಹಾವು. ಬ್ರೆಜಿಲ್ಲಿನ ಜರರಾಕಾ ಎಂಬ ಮಂಡಲದ ಜಾತಿಯ ಹಾವು ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಸೆರ್ಜಿಯೊ ಫೆರೇರಾ ಎಂಬ ಬ್ರೆಜಿಲ್ ವಿಜ್ಞಾನಿ 1960ರ ದಶಕದಲ್ಲಿ ಆ ವಿಷದ ಸಾರವನ್ನು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ಕಂಡ ಸುಳಿವು ಹಿಡಿದು ಅಮೆರಿಕದ ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಮಾತ್ರೆ ಮಾಡಿದರು. ಅದು 1981ರಲ್ಲಿ ಮಾರುಕಟ್ಟೆಗೆ ಬಂತು.

ಅದೇ ಹೊತ್ತಿಗೆ ಬಾಸ್ಟನ್ನಿನಲ್ಲಿ ಬ್ಯಾರಿ ಬ್ರೆನರ್ ಇನ್ನೊಂದು ಒಗಟನ್ನು ಬಿಡಿಸುತ್ತಿದ್ದರು. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುಗಗಳಿರುತ್ತವೆ. ಶುಗರ್, ಬಿಪಿ, ಸೋಂಕು, ಕಾರಣ ಏನೇ ಇರಲಿ, ಅವುಗಳಲ್ಲಿ ಬಹಳಷ್ಟು ಹೋದ ಮೇಲೆ ಮೂಲ ಕಾಯಿಲೆ ನಿಂತರೂ ಕಿಡ್ನಿ ಹಾಳಾಗುತ್ತಲೇ ಹೋಗುವುದೇಕೆ? ದೊಡ್ಡ ಕೂಡುಕುಟುಂಬದಲ್ಲಿ ದುಡಿಯುವವರು ಒಬ್ಬೊಬ್ಬರೇ ಕಡಿಮೆಯಾದರೆ ಉಳಿದವರ ಹೆಗಲ ಮೇಲೆ ಭಾರ ಏರುತ್ತದೆ. ಅವರೂ ಬೇಗ ಬಳಲಿ ಬೀಳುತ್ತಾರೆ. ಕಿಡ್ನಿಯಲ್ಲೂ ಹಾಗೆಯೇ, ಉಳಿದ ಸೋಸುಗಗಳು ಹೆಚ್ಚಿನ ಒತ್ತಡದಲ್ಲಿ ದುಡಿದು ಸಾಯುತ್ತವೆ ಎಂದು 1982ರಲ್ಲಿ ಬ್ರೆನರ್ ಮತ್ತವರ ಸಂಗಡಿಗರು ವಾದಿಸಿದರು. ಕ್ಯಾಪ್ಟೊಪ್ರಿಲ್ ಜಾತಿಯ ಮಾತ್ರೆ ಸೋಸುಗದಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಹಾಗಾದರೆ ಅದು ಕಿಡ್ನಿಯನ್ನೂ ಉಳಿಸಬೇಕಲ್ಲ?

ಉತ್ತರ ಬಂದದ್ದು 1993ರ ನವೆಂಬರಿನಲ್ಲಿ. ಎಡ್ಮಂಡ್ ಲೂಯಿಸ್ ತಂಡ ಇನ್ಸುಲಿನ್ ಮೇಲೆ ಬದುಕುವ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದ 409 ಮಧುಮೇಹಿಗಳ ಮೇಲೆ ನಡೆಸಿದ ಪ್ರಯೋಗ ಅದು. 207 ಜನರಿಗೆ ಕ್ಯಾಪ್ಟೊಪ್ರಿಲ್, 202 ಜನರಿಗೆ ಔಷಧವಿಲ್ಲದ ಮಾತ್ರೆ. ಬಿಪಿಯನ್ನು ಎರಡೂ ಗುಂಪಿನಲ್ಲಿ ಹತೋಟಿಯಲ್ಲಿಟ್ಟರು. ಕಿಡ್ನಿ ಸೋಸಿ ತೆಗೆಯಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ದುಪ್ಪಟ್ಟಾದದ್ದು ಮೊದಲ ಗುಂಪಿನಲ್ಲಿ 25 ಜನರಿಗೆ, ಎರಡನೆಯದರಲ್ಲಿ 43 ಜನರಿಗೆ. ಡಯಾಲಿಸಿಸ್, ಕಸಿ ಅಥವಾ ಸಾವಿನ ಅಪಾಯ ಅರ್ಧಕ್ಕೆ ಇಳಿದಿತ್ತು. ಬಿಪಿ ಇಳಿಸಿದ್ದರಿಂದಷ್ಟೇ ಬಂದ ಲಾಭ ಅದಾಗಿರಲಿಲ್ಲ. 2001ರಲ್ಲಿ ಲೊಸಾರ್ಟನ್ ಮತ್ತು ಇರ್ಬೆಸಾರ್ಟನ್ ಎಂಬ ನಂಟಿನ ಮಾತ್ರೆಗಳು ಟೈಪ್ 2 ಮಧುಮೇಹಿಗಳಲ್ಲೂ ಅದೇ ದಾರಿಯಲ್ಲಿ ಕೆಲಸ ಮಾಡುತ್ತವೆಂದು ಖಚಿತವಾಯಿತು. ಡಯಾಲಿಸಿಸ್ ಯಂತ್ರದ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಈ ಮಾತ್ರೆಯ ಫೋಟೊ ಎಲ್ಲೂ ಬರಲಿಲ್ಲ. ನನ್ನ ಪ್ರಕಾರ ಇಡೀ ಚರಿತ್ರೆಯ ನಿಜವಾದ ತಿರುವು ಇದೇ.

ತಡೆಯಬಲ್ಲ ಮಾತ್ರೆ ಸಿಕ್ಕಿತು, ಸರಿ. ಕೊಡುವುದು ಯಾರಿಗೆ? ಅಲ್ಲಿಯವರೆಗೆ ಈ ಕಾಯಿಲೆಗೆ ಎಲ್ಲರೂ ಒಪ್ಪಿದ ಒಂದು ಹೆಸರೂ ಇರಲಿಲ್ಲ. ಒಬ್ಬ ವೈದ್ಯ ‘ಕಿಡ್ನಿ ವೈಫಲ್ಯ’ ಎಂದರೆ ಇನ್ನೊಬ್ಬ ‘ಕಿಡ್ನಿ ದೌರ್ಬಲ್ಯ’ ಎನ್ನುತ್ತಿದ್ದ, ಮತ್ತೊಬ್ಬ ‘ಡಯಾಲಿಸಿಸ್‌ಗೆ ಮುಂಚಿನ ಹಂತ’ ಎನ್ನುತ್ತಿದ್ದ. ಎಲ್ಲರೂ ನೋಡುತ್ತಿದ್ದದ್ದು ಕ್ರಿಯಾಟಿನಿನ್ ಒಂದನ್ನೇ. ಅದು ಮೋಸದ ಸಂಖ್ಯೆ. ತೆಳ್ಳಗಿನ ಅಜ್ಜಿಯೊಬ್ಬರ ಕ್ರಿಯಾಟಿನಿನ್ 1.2 ಇದ್ದರೆ ಲ್ಯಾಬ್ ಚೀಟಿಯಲ್ಲಿ ಹೆಚ್ಚುಕಡಿಮೆ ಸರಿಯೆಂದೇ ಕಾಣುತ್ತದೆ, ಆದರೆ ಅವರ ಕಿಡ್ನಿ ಅರ್ಧ ಹೋಗಿರಬಹುದು. ಮೈಕಟ್ಟಿನ ಯುವಕನಿಗೆ ಅದೇ ಸಂಖ್ಯೆ ಏನೂ ಅಲ್ಲ.

ಇಲ್ಲೊಂದು ಸೋತ ಪ್ರಯೋಗ ಉಪಕಾರ ಮಾಡಿತು. ಕಡಿಮೆ ಪ್ರೋಟೀನಿನ ಊಟ ಕಿಡ್ನಿಯನ್ನು ಉಳಿಸುತ್ತದೆಯೇ ಎಂದು ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನ 1994ರಲ್ಲಿ ಸ್ಪಷ್ಟ ಉತ್ತರ ಕೊಡದೆ ಮುಗಿಯಿತು. ಆದರೆ ಅದಕ್ಕಾಗಿ 1,628 ಜನರ ಕಿಡ್ನಿಯ ಸೋಸುವ ವೇಗವನ್ನು ಕರಾರುವಾಕ್ಕಾಗಿ ಅಳೆದಿದ್ದರು. ಆ ಅಂಕಿಗಳ ರಾಶಿಯಿಂದ ಬಾಸ್ಟನ್ನಿನ ಆಂಡ್ರ್ಯೂ ಲೆವೆ ತಂಡ 1999ರಲ್ಲಿ ಒಂದು ಸೂತ್ರ ತೆಗೆಯಿತು. ಕ್ರಿಯಾಟಿನಿನ್, ವಯಸ್ಸು, ಲಿಂಗ ಹಾಕಿದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂಬ ಅಂದಾಜು ಸಿಗುತ್ತದೆ. ಇಂದು ಲ್ಯಾಬ್ ಚೀಟಿಯ ಕೆಳಗೆ ಕಾಣುವ ಇಜಿಎಫ್‌ಆರ್ ಅದರ ಸಂತಾನ. ಅದೇ ಸೂತ್ರದಲ್ಲಿ ಕಪ್ಪುವರ್ಣೀಯರಿಗೆ ಬೇರೆ ಗುಣಾಂಕವಿತ್ತು. ಅದು ಅವರ ಕಿಡ್ನಿಯನ್ನು ಇದ್ದದ್ದಕ್ಕಿಂತ ಚೆನ್ನಾಗಿ ತೋರಿಸಿ ಕಸಿಯ ಸರದಿಯಲ್ಲಿ ಹಿಂದೆ ತಳ್ಳುತ್ತದೆಂಬ ಕೂಗೆದ್ದು, ಕೊನೆಗೆ 2021ರ ಹೊಸ ಸೂತ್ರದಲ್ಲಿ ತೆಗೆದುಹಾಕಿದರು.

2002ರ ಫೆಬ್ರವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನದ ಮಾರ್ಗಸೂಚಿ ಬಂತು. ಬರೆದ ತಂಡದ ಮುಂದಾಳು ಇದೇ ಲೆವೆ. ಅದರ ತಿರುಳು ಎರಡು ಮಾತು. ಸೋಸುವ ವೇಗ 60ಕ್ಕಿಂತ ಕಡಿಮೆಯಿದ್ದರೆ, ಅಥವಾ ಮೂತ್ರದಲ್ಲಿ ಪ್ರೋಟೀನಿನಂಥ ಹಾನಿಯ ಗುರುತಿದ್ದರೆ, ಅದು ಮೂರು ತಿಂಗಳು ಹಾಗೇ ಉಳಿದರೆ, ಅದು ದೀರ್ಘಕಾಲೀನ ಕಿಡ್ನಿ ಕಾಯಿಲೆ. ಅದಕ್ಕೆ ಐದು ಹಂತ. ಒಂದು ಹೆಸರು, ಒಂದು ಗೆರೆ. ಅದರಿಂದ ಜಗತ್ತಿನ ಯಾವ ಮೂಲೆಯ ವೈದ್ಯನೂ ಇನ್ನೊಬ್ಬನ ಜೊತೆ ಒಂದೇ ಮಾತಿನಲ್ಲಿ ಮಾತಾಡುವಂತಾಯಿತು. ಎಷ್ಟು ಜನರಿಗೆ ಈ ಕಾಯಿಲೆ ಇದೆ ಎಂದು ಎಣಿಸುವುದೂ ಸಾಧ್ಯವಾಯಿತು. ಎಣಿಸಿದಾಗ ಹತ್ತರಲ್ಲಿ ಒಬ್ಬರಿಗೆ ಎಂಬಂಥ ಲೆಕ್ಕ ಹೊರಬಿದ್ದು ಎಲ್ಲರೂ ದಂಗಾದರು.

ಜಗಳವೂ ಅಲ್ಲಿಂದಲೇ ಶುರು. ವಯಸ್ಸಾದಂತೆ ಕಿಡ್ನಿಯ ವೇಗ ಸಹಜವಾಗಿಯೇ ಇಳಿಯುತ್ತದೆ, 80ರ ಅಜ್ಜನಿಗೆ ರೋಗಿಯೆಂಬ ಪಟ್ಟ ಕಟ್ಟುವುದೇಕೆ ಎಂದು ಅನೇಕ ತಜ್ಞರು ಕೇಳಿದರು. ಗೆರೆ ಒಂದೇ ಇರಲಿ, ಇಲ್ಲದಿದ್ದರೆ ಆರಂಭದ ರೋಗಿಗಳು ಕೈತಪ್ಪುತ್ತಾರೆ ಎಂದು ಬರೆದವರು ಹೇಳಿದರು. ವಾದ ಇಂದಿಗೂ ಮುಗಿದಿಲ್ಲ. 2003ರಲ್ಲಿ ಹುಟ್ಟಿದ ಕೆಡಿಗೊ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2012ರ ಮಾರ್ಗಸೂಚಿಯಲ್ಲಿ ಅರ್ಧ ಉತ್ತರ ಕೊಟ್ಟಿತು. ಸೋಸುವ ವೇಗದ ಜೊತೆಗೆ ಮೂತ್ರದಲ್ಲಿ ಹೋಗುವ ಆಲ್ಬುಮಿನ್ ಎಂಬ ಪ್ರೋಟೀನಿನ ಪ್ರಮಾಣವನ್ನೂ ಇಟ್ಟು ಹಸಿರು, ಹಳದಿ, ಕಿತ್ತಳೆ, ಕೆಂಪು ಚೌಕಗಳ ನಕ್ಷೆ ಮಾಡಿತು. ವೇಗ ಸ್ವಲ್ಪ ಕಡಿಮೆಯಿದ್ದು ಆಲ್ಬುಮಿನ್ ಇಲ್ಲದ ಅಜ್ಜ ಹಳದಿಯಲ್ಲಿ ನೆಮ್ಮದಿಯಾಗಿರುತ್ತಾರೆ. ವೇಗ ಚೆನ್ನಾಗಿದ್ದೂ ಆಲ್ಬುಮಿನ್ ಸುರಿಯುತ್ತಿರುವ 35ರ ಮಧುಮೇಹಿ ಕಿತ್ತಳೆಯಲ್ಲಿ ಸಿಕ್ಕಿಬೀಳುತ್ತಾನೆ.

ಮಾರ್ಗಸೂಚಿಗಳು ತಪ್ಪದೇ ನಡೆದವೆಂದಲ್ಲ. ಕಿಡ್ನಿ ಹೋದವರಿಗೆ ರಕ್ತಹೀನತೆ ಕಾಡುತ್ತದೆ, ಏಕೆಂದರೆ ರಕ್ತ ಹುಟ್ಟಿಸುವ ಎರಿತ್ರೊಪೊಯೆಟಿನ್ ಎಂಬ ರಸ ಬರುವುದೇ ಕಿಡ್ನಿಯಿಂದ. ಜಪಾನಿನ ತಕಾಜಿ ಮಿಯಾಕೆ ಬೇರೊಂದು ಬಗೆಯ ರಕ್ತಹೀನತೆಯಿದ್ದ ರೋಗಿಗಳಿಂದ 2,550 ಲೀಟರ್ ಮೂತ್ರ ಸಂಗ್ರಹಿಸಿ, ಒಣಗಿಸಿದ ಅದರ ಸಾರವನ್ನು ಷಿಕಾಗೊದ ಯೂಜೀನ್ ಗೋಲ್ಡ್‌ವಾಸರ್ ಅವರಿಗೆ ತಲುಪಿಸಿದರು. ಅದರಿಂದ 1977ರಲ್ಲಿ ಆ ರಸ ಶುದ್ಧರೂಪದಲ್ಲಿ ಸಿಕ್ಕಿತು, ಕೆಲವೇ ಮಿಲಿಗ್ರಾಂ. 1989ರಲ್ಲಿ ಅದು ಚುಚ್ಚುಮದ್ದಾಗಿ ಬಂದು ಡಯಾಲಿಸಿಸ್ ರೋಗಿಗಳಿಗೆ ಪದೇಪದೇ ರಕ್ತ ಹಾಕಿಸಿಕೊಳ್ಳುವ ಪಾಡನ್ನು ತಪ್ಪಿಸಿತು. ಅದು ದೊಡ್ಡ ವರ. ಆಮೇಲೆ, ಸ್ವಲ್ಪ ಏರಿಸಿದರೆ ಒಳ್ಳೆಯದಾದರೆ ಪೂರ್ತಿ ಏರಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂಬ ಯೋಚನೆ ಬಂತು. 2006ರಲ್ಲಿ 1,432 ಜನರ ಪ್ರಯೋಗವೊಂದು ಹಿಮೋಗ್ಲೋಬಿನ್ನನ್ನು 13.5ಕ್ಕೆ ಏರಿಸಲು ಹೊರಟವರಲ್ಲಿ, 11.3ಕ್ಕೆ ನಿಲ್ಲಿಸಿದವರಿಗಿಂತ ಸಾವು ಮತ್ತು ಹೃದಯದ ತೊಂದರೆ ಹೆಚ್ಚೆಂದು ತೋರಿಸಿತು. ಮರುವರ್ಷ ಔಷಧದ ಮಾಹಿತಿಪತ್ರದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಿತ್ತು. ಆ ಚುಚ್ಚುಮದ್ದು ಮಾರುವ ಕಂಪನಿಯ ಹಣದಿಂದಲೇ ಮಾರ್ಗಸೂಚಿ ತಯಾರಾಗುತ್ತಿತ್ತು ಎಂಬ ಸಂಗತಿ ಆಗ ಚುರುಕಾಗಿ ಚರ್ಚೆಗೆ ಬಂತು. ಪ್ರಯೋಗಕ್ಕಿಂತ ಮುಂದೆ ಓಡಿದ ಉತ್ಸಾಹಕ್ಕೆ ರೋಗಿಗಳು ಬೆಲೆ ತೆತ್ತರು. ಅದನ್ನು ಮರೆಯಬಾರದು.

ಕ್ಯಾಪ್ಟೊಪ್ರಿಲ್ ಬಳಗದ ನಂತರ ಎರಡು ದಶಕ ಹೊಸದೇನೂ ಗಟ್ಟಿಯಾಗಿ ನಿಲ್ಲಲಿಲ್ಲ. ಆಮೇಲೆ ಬಂದದ್ದು ಸೇಬಿನ ಗಿಡದ ತೊಗಟೆಯಿಂದ. 1835ರಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಅದರಿಂದ ಫ್ಲೊರಿಜಿನ್ ಎಂಬ ಕಹಿ ಪುಡಿ ತೆಗೆದಿದ್ದರು. ಅದು ಸಕ್ಕರೆಯನ್ನು ಮೂತ್ರಕ್ಕೆ ಹರಿಯಬಿಡುತ್ತದೆ. ಅದೇ ತತ್ವದ ಮೇಲೆ ಮಾಡಿದ ಶುಗರ್ ಮಾತ್ರೆಗಳು ಕಿಡ್ನಿಯ ಸೋಸುಗದೊಳಗಿನ ಒತ್ತಡವನ್ನೂ ಇಳಿಸುತ್ತವೆ. ಬ್ರೆನರ್ ಹೇಳಿದ ಅದೇ ಭಾರ, ಇನ್ನೊಂದು ಬಾಗಿಲಿನಿಂದ. 2019ರಲ್ಲಿ ಕ್ಯಾನಾಗ್ಲಿಫ್ಲೊಜಿನ್ 4,401 ಮಧುಮೇಹಿಗಳಲ್ಲಿ, 2020ರಲ್ಲಿ ಡಪಾಗ್ಲಿಫ್ಲೊಜಿನ್ 4,304 ಜನರಲ್ಲಿ ಪರೀಕ್ಷೆಗೆ ಬಂತು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಎರಡನ್ನೂ ಅವಧಿಗೆ ಮುನ್ನವೇ ನಿಲ್ಲಿಸಿದರು. ಎರಡನೆಯದರಲ್ಲಿ ಮೂರನೆಯ ಒಂದರಷ್ಟು ಜನಕ್ಕೆ ಶುಗರೇ ಇರಲಿಲ್ಲ, ಅವರಿಗೂ ಕೆಲಸ ಮಾಡಿತು. ಕೆಡಿಗೊದ 2024ರ ಮಾರ್ಗಸೂಚಿಯಲ್ಲಿ ಈ ಮಾತ್ರೆಗಳಿಗೆ ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತು.

ನಮ್ಮ ದೇಶಕ್ಕೆ ಇದರಲ್ಲೊಂದು ಅದೃಷ್ಟವಿತ್ತು. ಡಪಾಗ್ಲಿಫ್ಲೊಜಿನ್ ಪೇಟೆಂಟ್ 2020ರ ಅಕ್ಟೋಬರಿನಲ್ಲಿ ಇಲ್ಲಿ ಮುಗಿಯಿತು, ಹತ್ತಾರು ಭಾರತೀಯ ಕಂಪನಿಗಳು ತಯಾರಿಸತೊಡಗಿ ಬೆಲೆ ಕುಸಿಯಿತು. ಅದೇ ಬಳಗದ ಎಂಪಾಗ್ಲಿಫ್ಲೊಜಿನ್ನಿನದು 2025ರ ಮಾರ್ಚಿನಲ್ಲಿ. ಆದರೆ ನಮ್ಮಲ್ಲಿ ಹೆಚ್ಚಿನವರು ಇನ್ನೂ ಕೊನೆಯ ಪುಟದಿಂದಲೇ ಪುಸ್ತಕ ತೆರೆಯುತ್ತಾರೆ. ದೇಶದಲ್ಲಿ ವರ್ಷಕ್ಕೆ ಸುಮಾರು 2.2 ಲಕ್ಷ ಹೊಸಬರಿಗೆ ಡಯಾಲಿಸಿಸ್ ಅಗತ್ಯ ಬೀಳುತ್ತದೆಂದು ಸರ್ಕಾರವೇ ಹೇಳಿ 2016ರಲ್ಲಿ ಪ್ರಧಾನಮಂತ್ರಿ ಡಯಾಲಿಸಿಸ್ ಯೋಜನೆ ತಂದಿತು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರ ಬಂದಿವೆ. ವಾರಕ್ಕೆ ಮೂರು ಸಲ ಬೇಕಾದವರು ಎರಡೇ ಸಲ ಮಾಡಿಸಿಕೊಂಡು, ನಸುಕಿನ ಬಸ್ಸು ಹಿಡಿದು, ಊಟದ ಡಬ್ಬಿಯೊಂದಿಗೆ ಸರದಿಗೆ ಕಾಯುತ್ತಾರೆ. ಸಿಯಾಟಲ್‌ನ ಏಳು ಮಂದಿ ಕೂತ ಕುರ್ಚಿಯಲ್ಲಿ ಈಗ ದೂರ, ಬಸ್ ಚಾರ್ಜು, ಕಳೆದುಹೋದ ದಿನಗೂಲಿ ಕೂತಿವೆ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ ಶುಗರ್, ಬಿಪಿ ಎರಡೂ ಇಲ್ಲದ ರೈತರ ಕಿಡ್ನಿಗಳು ಹೋಗುತ್ತಿವೆ. ಅದಕ್ಕೆ ಯಾವ ಮಾರ್ಗಸೂಚಿಯಲ್ಲೂ ಪೂರ್ತಿ ಉತ್ತರವಿಲ್ಲ.

ಮೊದಲ ಪುಟ ಎಲ್ಲಿದೆ? 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯ ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿದರು. ಮೊಟ್ಟೆಯ ಬಿಳಿಯ ಹಾಗೆ ಅದು ಗಟ್ಟಿಯಾಯಿತು. ಸತ್ತ ಮೇಲೆ ಸೀಳಿ ನೋಡಿದರೆ ಕಿಡ್ನಿ ಹಾಳಾಗಿತ್ತು. ಕೆಡಿಗೊ 2012ರಲ್ಲಿ ನಕ್ಷೆಗೆ ಸೇರಿಸಿದ ಆಲ್ಬುಮಿನ್ ಅದೇ, ಬ್ರೈಟ್ ಚಮಚದಲ್ಲಿ ಕಂಡದ್ದು.

ಆ ಮೊದಲ ಪುಟದಿಂದಲೇ ಓದಿದವರೂ ನಮ್ಮಲ್ಲಿದ್ದಾರೆ. 1990ರ ದಶಕದ ಕೊನೆಯಲ್ಲಿ ಚೆನ್ನೈನ ಹಿರಿಯ ಕಿಡ್ನಿ ತಜ್ಞ ಎಂ.ಕೆ. ಮಣಿ ಆ ನಗರದ ಹೊರಗಿನ ಹಳ್ಳಿಗಳಲ್ಲಿ ಸುಮಾರು 25,000 ಜನರನ್ನು ಆರಿಸಿಕೊಂಡರು. ಅಲ್ಲಿಯದೇ ಹುಡುಗಿಯರಿಗೆ ತರಬೇತಿ ಕೊಟ್ಟರು. ಅವರು ಮನೆಮನೆಗೆ ಹೋಗಿ ಬಿಪಿ ನೋಡುತ್ತಿದ್ದರು, ಒಂದು ಗಾಜಿನ ನಳಿಕೆಯಲ್ಲಿ ಮೂತ್ರ ತೆಗೆದುಕೊಂಡು, ಪ್ರೋಟೀನ್ ಇದೆಯೇ ಎಂದು ತಿಳಿಯಲು ಸಲ್ಫೊಸ್ಯಾಲಿಸಿಲಿಕ್ ಆಮ್ಲ ಬೆರೆಸುತ್ತಿದ್ದರು. ಸಿಕ್ಕಿಬಿದ್ದವರಿಗೆ ಅತಿ ಅಗ್ಗದ, ಹಳೆಯ ಬಿಪಿ ಮತ್ತು ಶುಗರ್ ಮಾತ್ರೆಗಳು. ಖರ್ಚು ತಲೆಗೆ ವರ್ಷಕ್ಕೆ ಕೆಲವೇ ರೂಪಾಯಿ. ಬಹುಪಾಲು ಜನರ ಬಿಪಿ ಹತೋಟಿಗೆ ಬಂತು, ಕಿಡ್ನಿ ದುರ್ಬಲವಾದವರ ಸಂಖ್ಯೆ ಪಕ್ಕದ ಹಳ್ಳಿಗಳಿಗಿಂತ ಕಡಿಮೆಯಾಯಿತು. ಜಗಲಿಯ ಮೇಲೆ ಕೂತ ಹುಡುಗಿ ನಳಿಕೆಯನ್ನು ಬೆಳಕಿಗೆ ಎತ್ತಿ ಹಿಡಿಯುತ್ತಾಳೆ. ಒಳಗಿನ ದ್ರವ ತಿಳಿಯಾಗಿಯೇ ಉಳಿದರೆ ಮುಂದಿನ ಮನೆ. ಗಂಜಿಯ ತಿಳಿಯ ಹಾಗೆ ಬೆಳ್ಳಗಾದರೆ ಪುಸ್ತಕದಲ್ಲಿ ಹೆಸರು ಬರೆದುಕೊಂಡು, ಡಾಕ್ಟರು ಬರುವ ದಿನ ತಪ್ಪದೆ ಬನ್ನಿ ಎಂದು ಹೇಳುತ್ತಾಳೆ.